ನಿಮಗಿದು ಗೊತ್ತೇ? ಗೂಟದ ಕಾರು, ಗುಬ್ಬಚ್ಚಿ ಕಾರು

● ಅಂಬಾಸಿಡರ್ ಅಜ್ಜ, ಮಾರುತಿ 800 ಮೊಮ್ಮಗ ಎಂದೇ ನಾವೆಲ್ಲ ಲೆಕ್ಕ ಹಾಕಿಕೊಂಡಿದ್ದೆವು. ಆದರೆ ಮೊದಲು ಕಣ್ಣು ಮುಚ್ಚಿದ್ದು ಮೊಮ್ಮಗ! ಮಾರುತಿ 800ರ ತಯಾರಿಕೆ ನಿಂತದ್ದು 2014ರ ಜನವರಿ 18ರಂದು. ಅಜ್ಜ ಇನ್ನೂ ನಾಲ್ಕು ತಿಂಗಳು ಗಟ್ಟಿಯಾಗಿದ್ದ. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ ಕೆಲಸ ನಿಲ್ಲಿಸಿದ್ದು ಅದೇ ವರ್ಷ ಮೇ 24ರಂದು. ಒಂದು 1957ರಲ್ಲಿ ಹುಟ್ಟಿದ್ದು, ಇನ್ನೊಂದು 1983ರಲ್ಲಿ. ಹುಟ್ಟಿನ ನಡುವೆ 26 ವರ್ಷ, ಸಾವಿನ ನಡುವೆ 126 ದಿನ.

● ಇದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿದೆ. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ ದೊಡ್ಡ ನಗರಗಳಿಗೆ ಬಿಎಸ್-4 ಹೊಗೆ ನಿಯಮ ಬಂದಾಗ ಮಾರುತಿ 800 ಅಲ್ಲಿಂದ ಗಂಟುಮೂಟೆ ಕಟ್ಟಿತು. ಕೊನೆಯ ನಾಲ್ಕು ವರ್ಷ ಅದು ಸಣ್ಣ ಊರುಗಳಲ್ಲಷ್ಟೇ ಮಾರಾಟವಾಯಿತು. ಆದರೆ ಹೊಗೆಗೆ ಹೆಸರಾದ ಅಂಬಾಸಿಡರ್ ಮಾತ್ರ 2013ರಲ್ಲಿ ಬಿಎಸ್-4 ಡೀಸೆಲ್ ಎಂಜಿನ್ ಹಾಕಿಕೊಂಡು 'ಎನ್‌ಕೋರ್' ಎಂಬ ಹೆಸರಲ್ಲಿ ಮತ್ತೆ ಪೇಟೆಗೆ ಬಂತು. ಎನ್‌ಕೋರ್ ಎಂದರೆ ಸಭಿಕರು 'ಒನ್ಸ್ ಮೋರ್' ಕೂಗುವುದು. ಕೂಗಲು ಸಭೆಯಲ್ಲಿ ಹೆಚ್ಚು ಜನ ಉಳಿದಿರಲಿಲ್ಲ, ಅಷ್ಟೇ.

● ಅಂಬಾಸಿಡರ್‌ನ ತಾಯಿ ಇಂಗ್ಲೆಂಡಿನವಳು, ಹೆಸರು ಮಾರಿಸ್ ಆಕ್ಸ್‌ಫರ್ಡ್, ಮೂರನೇ ಸರಣಿ. ಆಕ್ಸ್‌ಫರ್ಡ್ ಊರಿನ ಪಕ್ಕದ ಕೌಲಿಯಲ್ಲಿ ತಯಾರಾಗುತ್ತಿತ್ತು. ಊರ ಹೆಸರಿನ ಅರ್ಥ ಎತ್ತುಗಳು ಹೊಳೆ ದಾಟುವ ಜಾಗ ಎಂದು. ಮಾರಿಸ್ ಕಾರುಗಳ ಲಾಂಛನದಲ್ಲೂ ನೀರು ದಾಟುವ ಎತ್ತು ಇತ್ತು. ಎತ್ತಿನ ಗಾಡಿಯ ನಾಡಿಗೆ ಸರಿಯಾದ ಸಂಬಂಧವೇ ಕುದುರಿತ್ತು ಅನ್ನಿ. ಅದೇ ಕೌಲಿಯಲ್ಲಿ ಈಗ ತಯಾರಾಗುವುದು ಬಿಎಂಡಬ್ಲ್ಯು ಕಂಪನಿಯ ಮಿನಿ ಕಾರು.

● ಅಂಬಾಸಿಡರ್‌ಗೆ ಲಾರಿಯಂತೆ ಅಡಿಯಲ್ಲಿ ಬೇರೆ ಚಾಸಿ ಇದೆ, ಅದಕ್ಕೇ ಅಷ್ಟು ಗಟ್ಟಿ ಎಂದು ಪಣ ಕಟ್ಟುವವರು ಇಂದಿಗೂ ಇದ್ದಾರೆ. ಸೋಲುತ್ತಾರೆ. ಮಾರುತಿಯ ಹಾಗೆ ಅದರದೂ ಚಾಸಿ ಮತ್ತು ಮೈ ಒಂದೇ ಆಗಿ ಬೆಸೆದ ದೇಹ. 1950ರ ದಶಕದ ಮಟ್ಟಿಗೆ ಅದು ಹೊಸ ಕಾಲದ ಕಾರೇ. ಸ್ಟೇರಿಂಗ್ ಕೂಡ ಇಂದಿನ ಕಾರುಗಳಲ್ಲಿರುವ ಹಲ್ಲುಪಟ್ಟಿ ಬಗೆಯದು, ರ್‍ಯಾಕ್ ಅಂಡ್ ಪಿನಿಯನ್. ಹಳೆಯದಾಗಿ ಉಳಿದದ್ದು ಹಿಂದಿನ ಚಕ್ರಗಳ ಮೇಲಿನ ಲೀಫ್ ಸ್ಪ್ರಿಂಗ್. ಅದು ಮಾತ್ರ ಎತ್ತಿನ ಗಾಡಿಯದಲ್ಲದಿದ್ದರೂ ಜಟಕಾ ಗಾಡಿಯ ಕಾಲದ್ದು.

● 'ಆ ಕಾಲದ ತಗಡೇ ತಗಡು. ಈಗಿನದು ಬಿಸ್ಕತ್ ಡಬ್ಬ. ಬೆರಳಲ್ಲಿ ಒತ್ತಿದರೆ ತಗ್ಗುತ್ತೆ.' ನಮ್ಮ ಬೀದಿಯ ಮೆಕ್ಯಾನಿಕ್ ಬಾಯಲ್ಲಿ ಈ ಮಾತು ಕೇಳದ ದಿನವಿಲ್ಲ. ತಗಡಿನ ಮಟ್ಟಿಗೆ ಅವರು ಹೇಳುವುದು ನಿಜ. ಒಳಗೆ ಕೂತವರ ಮಟ್ಟಿಗೆ ಅಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಅಮೆರಿಕದಲ್ಲಿ 2009ರಲ್ಲಿ ನಡೆದ ಒಂದು ಪರೀಕ್ಷೆಯ ಕಥೆ ಕೇಳಬೇಕು. ರಸ್ತೆ ಸುರಕ್ಷತೆಗಾಗಿ ಅಲ್ಲಿನ ವಿಮಾ ಕಂಪನಿಗಳು ಕಟ್ಟಿದ ಸಂಸ್ಥೆಗೆ ಆಗ ಐವತ್ತು ತುಂಬಿತ್ತು. ಹುಟ್ಟುಹಬ್ಬವನ್ನು ಅವರು ಆಚರಿಸಿದ್ದು ಹೀಗೆ: 1959ರ ಷೆವರ್ಲೆ ಬೆಲ್‌ಏರ್ ಒಂದನ್ನು ತಂದರು. ಕಬ್ಬಿಣದ ಕೋಟೆಯಂಥ ಕಾರು, ನಮ್ಮ ಅಂಬಾಸಿಡರ್‌ನ ಓರಗೆಯದು. ಎದುರಿಗೆ ಅದೇ ಕಂಪನಿಯ 2009ರ ಮಾಲಿಬು. ಎರಡನ್ನೂ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಚಾಲಕನ ಕಡೆಯ ಅರೆಮೂತಿಗೆ ಅರೆಮೂತಿ ತಾಗುವಂತೆ ಎದುರುಬದುರು ಬಿಟ್ಟರು. ಒಳಗೆ ಮನುಷ್ಯರ ಬದಲು ಗೊಂಬೆಗಳು.

ನೋಡುವವರ ಎದೆ ಝಲ್ಲೆನ್ನುವ ದೃಶ್ಯ ಅದು. ಕೋಟೆ ಕುಸಿಯಿತು. ಬೆಲ್‌ಏರ್‌ನ ಮೂತಿಯಷ್ಟೇ ಅಲ್ಲ, ಕೂರುವ ಜಾಗವೇ ಒಳಕ್ಕೆ ನುಗ್ಗಿತು. ಸ್ಟೇರಿಂಗ್ ಗೊಂಬೆಯ ಎದೆಗೆ ಬಂತು. ಅಲ್ಲಿ ನಿಜವಾದ ಚಾಲಕ ಕೂತಿದ್ದರೆ ಬದುಕುಳಿಯುತ್ತಿರಲಿಲ್ಲ. ಮಾಲಿಬುವಿನ ಮೂತಿಯೂ ಅಪ್ಪಚ್ಚಿಯಾಗಿತ್ತು. ಆದರೆ ಅದರ ಚಾಲಕ ಕಾಲಿಗೆ ಪೆಟ್ಟು ಮಾಡಿಕೊಂಡು ಇಳಿದು ಬರಬಹುದಿತ್ತು.

ಗುಟ್ಟು ಇಷ್ಟೇ. ಎತ್ತರದಿಂದ ಕಲ್ಲುಚಪ್ಪಡಿಯ ಮೇಲೆ ಬೀಳುವುದಕ್ಕೂ ಹುಲ್ಲಿನ ಬಣವೆಯ ಮೇಲೆ ಬೀಳುವುದಕ್ಕೂ ಎಷ್ಟು ವ್ಯತ್ಯಾಸ? ವೇಗ ಒಂದೇ, ನಿಲ್ಲಲು ಸಿಗುವ ದೂರ ಬೇರೆ. ಹೊಸ ಕಾರಿನ ಮೂತಿ ಹುಲ್ಲಿನ ಬಣವೆ. ತಾನು ಮುದುಡಿ ಪೆಟ್ಟನ್ನು ನುಂಗುತ್ತದೆ, ಕೂರುವ ಗೂಡನ್ನು ಮಾತ್ರ ಮುದುಡಲು ಬಿಡುವುದಿಲ್ಲ. ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬರೇನಿ 1950ರ ದಶಕದ ಆರಂಭದಲ್ಲೇ ಪೇಟೆಂಟ್ ಪಡೆದ ಯೋಚನೆ ಇದು. ಹಳೆಯ ಕಾರು ಸಣ್ಣಪುಟ್ಟ ಅಪಘಾತದ ನಂತರವೂ ಚೆನ್ನಾಗಿ ಕಾಣುತ್ತಿತ್ತು. ಪೆಟ್ಟನ್ನೆಲ್ಲ ಒಳಗಿದ್ದವರಿಗೆ ದಾಟಿಸಿಬಿಟ್ಟಿರುತ್ತಿತ್ತಲ್ಲ!

● ಹಾಗೆಂದು 'ಹೊಸದು' ಎಂಬ ಒಂದೇ ಕಾರಣಕ್ಕೆ ಬೀಗಬೇಡಿ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗುದ್ದಿಸಿ ನೋಡಿತು. ಐದಕ್ಕೂ ಸಿಕ್ಕಿದ್ದು ಸೊನ್ನೆ. ಮಾರುತಿ 800ರ ಉತ್ತರಾಧಿಕಾರಿ ಆಲ್ಟೊ 800 ಕೂಡ ಆ ಐದರಲ್ಲಿತ್ತು. ಚಾಲಕನ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾದದ್ದು 2019ರಲ್ಲಿ. ಮೂರು ಬಿಂದುಗಳ ಸೀಟ್‌ಬೆಲ್ಟನ್ನು ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಕೊಟ್ಟು ಆಗ ಅರವತ್ತು ವರ್ಷ ಆಗಿತ್ತು. ಅದನ್ನು ಕಟ್ಟಿಕೊಳ್ಳದೆ, ಸದ್ದು ಮಾಡಬಾರದೆಂದು ಬರಿಯ ಕ್ಲಿಪ್ ಸಿಕ್ಕಿಸಿ ಕೂರುವವರಿಗೆ ಯಾವ ಕಾಲದ ಕಾರಾದರೂ ಒಂದೇ.

● ಒಬ್ಬ ಇಟಲಿಯವನ ಕಥೆ. ಹೆಸರು ದಾಂತೆ ಜಿಯಾಕೋಸ. ಫಿಯೆಟ್ ಕಂಪನಿಯಲ್ಲಿದ್ದುಕೊಂಡು 1953ರ ಫಿಯೆಟ್ 1100 ಕಾರನ್ನು ರೂಪಿಸಿದ. ಅದೇ ನಮ್ಮಲ್ಲಿ ಮುಂದೆ ಪ್ರೀಮಿಯರ್ ಪದ್ಮಿನಿಯಾಯಿತು. ಚಿತ್ತೋರಿನ ರಾಣಿಯ ಹೆಸರು ಅದಕ್ಕೆ ಬಂದದ್ದು 1974ರಲ್ಲಿ. ಎಂಜಿನ್ ಮುಂದೆ, ಓಡುವ ಚಕ್ರ ಹಿಂದೆ, ನಡುವೆ ಉದ್ದನೆಯ ಶಾಫ್ಟ್. ಅಂಬಾಸಿಡರ್‌ನದೂ ಇದೇ ಕ್ರಮ.

ಅದೇ ಜಿಯಾಕೋಸ 1964ರ ಆಟೊಬಿಯಾಂಕಿ ಪ್ರಿಮುಲ ಎಂಬ ಕಾರಿನಲ್ಲಿ ಎಂಜಿನ್ ಅಡ್ಡ ಮಲಗಿಸಿ, ಗೇರ್‌ಬಾಕ್ಸನ್ನು ಅದರ ಪಕ್ಕಕ್ಕೆ ಸೇರಿಸಿ, ಮುಂದಿನ ಚಕ್ರಗಳನ್ನೇ ಓಡಿಸಿದ. ಇಂದು ನಮ್ಮ ರಸ್ತೆಗಳಲ್ಲಿರುವ ಸಣ್ಣ ಕಾರುಗಳ ಬಾನೆಟ್ ಎತ್ತಿ ನೋಡಿ, ಬಹುತೇಕ ಎಲ್ಲದರಲ್ಲೂ ಅದೇ ಜೋಡಣೆ. ಮಾರುತಿ 800ರಲ್ಲೂ ಅದೇ. ಪದ್ಮಿನಿಯನ್ನು ಹೆತ್ತ ಮಿದುಳೇ ಅವಳನ್ನು ಮನೆಗೆ ಕಳಿಸಿದ ಕಾರಿನ ನಕ್ಷೆಯನ್ನೂ ಬರೆದಿತ್ತು.

● ಎಂಜಿನ್ ಅಡ್ಡ ಇಟ್ಟು ಮುಂದಿನ ಚಕ್ರ ಓಡಿಸಿದ ಕೀರ್ತಿಯನ್ನು ಜನ ಸಾಮಾನ್ಯವಾಗಿ 1959ರ ಬ್ರಿಟಿಷ್ ಮಿನಿಗೆ, ಅದರ ಶಿಲ್ಪಿ ಅಲೆಕ್ ಇಸಿಗೋನಿಸ್‌ಗೆ ಕೊಡುತ್ತಾರೆ. ಸುಜುಕಿ ಕಂಪನಿಯ ಮೊದಲ ಕಾರು ಸುಜುಲೈಟ್ 1955ರಲ್ಲೇ ಆ ಕೆಲಸ ಮಾಡಿತ್ತು. ಜರ್ಮನಿಯ ಲಾಯ್ಡ್ ಕಾರನ್ನು ನೋಡಿ ಕಲಿತದ್ದು ಎಂಬುದೂ ನಿಜ. ಅಂದಹಾಗೆ ಸುಜುಕಿ 1909ರಲ್ಲಿ ಶುರುವಾದದ್ದು ಕಾರಿಗಲ್ಲ, ಮಗ್ಗ ಮಾಡುವುದಕ್ಕೆ.

● ಇಸಿಗೋನಿಸ್ ನಮಗೆ ಅಪರಿಚಿತನೇನಲ್ಲ. ಅವನ ಮಾರಿಸ್ ಮೈನರ್ ಇಲ್ಲಿ 'ಬೇಬಿ ಹಿಂದುಸ್ತಾನ್' ಆಗಿ ಓಡಾಡಿದೆ.

● ಹಳೆಯ ಮಿನಿಯ ಉದ್ದ 3.05 ಮೀಟರ್. 2001ರಲ್ಲಿ ಬಂದ ಹೊಸ ಮಿನಿಯದು 3.63 ಮೀಟರ್. ಮಿನಿ ಎಂಬ ಹೆಸರು ಮಾತ್ರ ಹಾಗೇ ಇದೆ. ಮಾರುತಿ 800ರ ಉದ್ದ 3,335 ಮಿಲಿಮೀಟರ್, ಈಗಿನ ಆಲ್ಟೊ ಕೆ10 ಅದಕ್ಕಿಂತ ಸುಮಾರು ಒಂದು ಗೇಣು ಉದ್ದ. ಮನುಷ್ಯರಂತೆ ಕಾರುಗಳಿಗೂ ವಯಸ್ಸಾದಂತೆ ಸೊಂಟದ ಸುತ್ತಳತೆ ಬೆಳೆಯುತ್ತದೆ.

● ಭಾರತದ ಕಾರಿನ ಕಥೆ ಬೆಂಗಳೂರಿನಲ್ಲೇ ಶುರುವಾಗಬಹುದಿತ್ತು. 1930ರ ದಶಕದ ಮಧ್ಯದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪ್, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ಸುತ್ತಿ ಬಂದು ನಮ್ಮಲ್ಲೂ ಒಂದು ಬೇಕೆಂದು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮೈಸೂರು ಸಂಸ್ಥಾನ ಕೈಜೋಡಿಸಲು ಸಿದ್ಧವಿತ್ತು. ದೆಹಲಿಯ ಬ್ರಿಟಿಷ್ ಸರ್ಕಾರಕ್ಕೆ ಮನಸ್ಸಿರಲಿಲ್ಲ. ಅಷ್ಟರಲ್ಲಿ ಯುದ್ಧ ಬಂತು. ಅದೇ ವಾಲ್‌ಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು, ಇಂದಿನ ಎಚ್‌ಎಎಲ್. ಕಾರು ಕೇಳಿದ ಊರಿಗೆ ವಿಮಾನ ಸಿಕ್ಕಿತು! ಕಾರಿಗಾಗಿ ಅವರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ತೆರೆದರು, ಬಿರ್ಲಾ ಅವರ ಹಿಂದುಸ್ತಾನ್ ಮೋಟರ್ಸ್ ಅದಕ್ಕೆ ಎರಡು ವರ್ಷ ಮೊದಲೇ ಹುಟ್ಟಿತ್ತು. ವಿಶ್ವೇಶ್ವರಯ್ಯನವರ ಆ ಯೋಜನೆ ಕೈಗೂಡಿದ್ದರೆ ಪದ್ಮಿನಿ ಕನ್ನಡದ ಹುಡುಗಿಯಾಗಿರುತ್ತಿದ್ದಳೇನೋ. ನನಗಂತೂ ಈ ಆಸೆ ಬಿಡುವುದಿಲ್ಲ.

● ಲಗೇಜು ಇಡುವ ಜಾಗ ನಮ್ಮಲ್ಲಿ ಡಿಕ್ಕಿ. ಗುದ್ದಿದರೂ ಡಿಕ್ಕಿ. 'ಡಿಕ್ಕಿಗೆ ಡಿಕ್ಕಿ' ಎಂದು ತಲೆಬರಹ ಕೊಡಬಹುದಾದ ಭಾಷೆ ನಮ್ಮದು. ಮೊದಲನೆಯ ಡಿಕ್ಕಿ ಇಂಗ್ಲಿಷಿನಿಂದ ಬಂದದ್ದು. ಹಳೆಯ ಎರಡು ಸೀಟಿನ ಕಾರುಗಳ ಹಿಂಭಾಗದಲ್ಲಿ ಮಡಚಿಡುತ್ತಿದ್ದ ಬಯಲು ಸೀಟಿಗೆ ಬ್ರಿಟಿಷರು ಡಿಕ್ಕಿ ಎನ್ನುತ್ತಿದ್ದರು. ಸೀಟು ಹೋಗಿ ಪೆಟ್ಟಿಗೆ ಉಳಿಯಿತು. ಹೆಸರು ಅಲ್ಲಿ ಮರೆತುಹೋಯಿತು, ಇಲ್ಲಿ ಬದುಕಿದೆ.

● ಫೋಕ್ಸ್‌ವ್ಯಾಗನ್ ಬೀಟಲ್‌ನ ಡಿಕ್ಕಿ ಇದ್ದದ್ದು ಮುಂದೆ, ಎಂಜಿನ್ ಹಿಂದೆ. 2 ಕೋಟಿ 15 ಲಕ್ಷಕ್ಕೂ ಹೆಚ್ಚು ತಯಾರಾಗಿ 2003ರ ಜುಲೈ 30ರಂದು ಮೆಕ್ಸಿಕೊದಲ್ಲಿ ಅದು ನಿಂತಿತು. ಅಷ್ಟರಲ್ಲಾಗಲೇ ಬಂದಿದ್ದ ನ್ಯೂ ಬೀಟಲ್ ಮುಖದಲ್ಲಿ ಥೇಟ್ ಹಳೆಯದರಂತೆ. ಒಳಗೆ ಮಾತ್ರ ಎಂಜಿನ್ ಮುಂದೆ, ಡಿಕ್ಕಿ ಹಿಂದೆ!

● ಇನ್ನು ಸ್ಟೆಪ್ನಿ. ಅದು ಒಂದು ಬೀದಿಯ ಹೆಸರು. ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರ ಸುಮಾರಿಗೆ ಹೆಚ್ಚುವರಿ ಚಕ್ರ ಮಾರಲು ಶುರು ಮಾಡಿದರು. ಅದಕ್ಕೂ ಮೊದಲು ಕಾರುಗಳು ಹೆಚ್ಚುವರಿ ಚಕ್ರವನ್ನೇ ಒಯ್ಯುತ್ತಿರಲಿಲ್ಲ. ಈಗ ಚಕ್ರ ಒಂದು ಪೂರ್ತಿ ಸುತ್ತು ಬಂದಿದೆ. 2020ರಲ್ಲಿ ನಮ್ಮ ಸರ್ಕಾರ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ಸಾಧನ ಮತ್ತು ಪಂಕ್ಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಬೇಕಿಲ್ಲ ಎಂದಿತು. ಆಗುಂಬೆ ಘಾಟಿಯಲ್ಲಿ ಒಮ್ಮೆ ಮಳೆಗಾಲದಲ್ಲಿ ಟೈರು ಹರಿದುಕೊಂಡವರನ್ನು ಕೇಳಿ, ಬೇಕೋ ಬೇಡವೋ ಹೇಳುತ್ತಾರೆ.

● ಹಳೆಯ ಅಂಬಾಸಿಡರ್‌ನಲ್ಲಿ ಹೆಡ್‌ಲೈಟ್ ಡಿಪ್ ಮಾಡುತ್ತಿದ್ದದ್ದು ಎಡಗಾಲಿನಲ್ಲಿ. ಗುಂಡಿ ನೆಲದ ಮೇಲಿತ್ತು. ಗೇರು ಕೈಗೆ, ಸ್ಟೇರಿಂಗ್ ಪಕ್ಕದಲ್ಲಿ. ಹಾಗಾಗಿ ಮುಂದಿನ ಉದ್ದ ಸೀಟಿನಲ್ಲಿ ಚಾಲಕನಲ್ಲದೆ ಇಬ್ಬರು ಆರಾಮಾಗಿ, ಮೂವರು ಹೇಗೋ ಹಾಗೆ ಕೂರುತ್ತಿದ್ದರು. ಮದುವೆ ದಿಬ್ಬಣದ ದಿನ ಹನ್ನೊಂದು ಜನ, ಜೊತೆಗೆ ಒಂದು ಹಲಸಿನ ಹಣ್ಣು ಇಳಿದದ್ದನ್ನು ನಾನೇ ಎಣಿಸಿದ್ದೇನೆ.

● ಬಲಾಬಲ ನೋಡೋಣ. ಅಂಬಾಸಿಡರ್‌ನ 1,489 ಸಿಸಿ ಪೆಟ್ರೋಲ್ ಎಂಜಿನ್ ಸುಮಾರು 50 ಅಶ್ವಶಕ್ತಿ. ಮಾರುತಿಯ 796 ಸಿಸಿ ಎಂಜಿನ್ ಸುಮಾರು 37. ಅರ್ಧದಷ್ಟು ಎಂಜಿನ್, ಮುಕ್ಕಾಲು ಪಾಲು ಬಲ. ಎಳೆಯಬೇಕಾದ ಭಾರವೋ, ಅಲ್ಲಿ 1,100 ಕಿಲೋ ಮೇಲೆ, ಇಲ್ಲಿ 650 ಕಿಲೋ ಸುಮಾರು. ಒಂದು ಟನ್ನಿಗೆ ಲೆಕ್ಕ ಹಾಕಿದರೆ ಅಜ್ಜನಿಗೆ 45 ಕುದುರೆ, ಮೊಮ್ಮಗನಿಗೆ 57. ಸಿಗ್ನಲ್ ಹಸಿರಾದ ಕೂಡಲೇ ಗುಬ್ಬಚ್ಚಿಯಂಥ ಮಾರುತಿ ಮುಂದೆ ಹಾರುತ್ತಿದ್ದದ್ದು ಇದಕ್ಕೇ. ಹೊಂಡದ ವಿಷಯ ಬೇರೆ. ಅಂಬಾಸಿಡರ್‌ನದು 15 ಇಂಚಿನ ಚಕ್ರ, ಮಾರುತಿಯದು 12. ಊರ ಹೊಂಡಕ್ಕೆ ಒಂದು ಇಳಿದು ಎದ್ದು ಹೋಗುತ್ತಿತ್ತು, ಇನ್ನೊಂದು ಇಳಿದು ಯೋಚಿಸುತ್ತಿತ್ತು.

● ಅಂಬಾಸಿಡರ್ ಇಂದು ಹೊಸದಾಗಿ ಸಿಕ್ಕಿದ್ದರೆ ಅದಕ್ಕೆ ಜಿಎಸ್‌ಟಿ 40 ಶೇಕಡ! 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಮೀರದ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಮಾತ್ರ 18 ಶೇಕಡ. ಅಂಬಾಸಿಡರ್ ಎರಡೂ ಗೆರೆ ದಾಟುತ್ತದೆ. ಸಾಮಾನ್ಯರ ಬಾಡಿಗೆ ಕಾರು ಐಷಾರಾಮಿಗಳ ಪಂಕ್ತಿಯಲ್ಲಿ ಊಟಕ್ಕೆ ಕೂತಂತೆ.

● 1983ರ ಡಿಸೆಂಬರ್ 14ರಂದು ಮೊದಲ ಮಾರುತಿಯ ಕೀಲಿಯನ್ನು ಕೊಟ್ಟದ್ದು ಪ್ರಧಾನಿ ಇಂದಿರಾ ಗಾಂಧಿ. ಆ ದಿನ, ಕಾರಿನ ಕನಸನ್ನು ಮೊದಲು ಕಂಡು 1980ರಲ್ಲಿ ತೀರಿಕೊಂಡ ಮಗ ಸಂಜಯ್ ಹುಟ್ಟಿದ ದಿನ. ಬೆಲೆ 47,500 ರೂಪಾಯಿ. ಮುಂಗಡ ಕಟ್ಟಿದವರು ಲಕ್ಷಕ್ಕೂ ಹೆಚ್ಚು. ಕೀಲಿ ಪಡೆದವರು ಇಂಡಿಯನ್ ಏರ್‌ಲೈನ್ಸ್ ಉದ್ಯೋಗಿ.

● ಮನಮೋಹನ್ ಸಿಂಗ್ ಪ್ರಧಾನಿಯಾಗಿ ಓಡಾಡಿದ್ದು ಗುಂಡು ನಿರೋಧಕ ಬಿಎಂಡಬ್ಲ್ಯುನಲ್ಲಿ. ಅವರ ಸ್ವಂತದ ಕಾರು ಎಂದು ಆಸ್ತಿ ಘೋಷಣೆಯಲ್ಲಿದ್ದದ್ದು 1996ರ ಮಾರುತಿ 800.

● 'ಕೆಂಪು ಗೂಟದ ಕಾರು' ಎಂಬ ನಮ್ಮ ಮಾತು ಹುಟ್ಟಿದ್ದೇ ಬಿಳಿ ಅಂಬಾಸಿಡರ್‌ನ ನೆತ್ತಿಯ ಮೇಲೆ ಎನ್ನಬೇಕು. ಆ ಬಿಳಿ ಬಣ್ಣದ ಗತ್ತೇ ಒಮ್ಮೆ ಕುತ್ತಾಯಿತು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಮಾಡಿದವರು ಆವರಣದೊಳಗೆ ನುಗ್ಗಿದ್ದು ಗೃಹ ಇಲಾಖೆಯ ನಕಲಿ ಚೀಟಿ ಅಂಟಿಸಿದ ಬಿಳಿ ಅಂಬಾಸಿಡರ್‌ನಲ್ಲಿ. ಅದಾದ ಮೇಲೆ ಪ್ರಧಾನಿ ವಾಜಪೇಯಿ ಬಿಎಂಡಬ್ಲ್ಯುಗೆ ಬದಲಾದರು. ವಿಧಾನಸೌಧದ ಮೆಟ್ಟಿಲ ಬಳಿ ಅಂಬಾಸಿಡರ್‌ನ ಜಾಗ ಹಿಡಿದ ಇನೋವಾ ಮಾತ್ರ ದೂರದ್ದಲ್ಲ, ಅಲ್ಲಿಂದ ಗಂಟೆಯ ದಾರಿಯ ಬಿಡದಿಯಲ್ಲಿ ಹುಟ್ಟಿದ್ದು. 2017ರ ಮೇ 1ರಿಂದ ಗೂಟವನ್ನೇ ಕಿತ್ತರು. ಮಾತು ಇನ್ನೂ ಚಲಾವಣೆಯಲ್ಲಿದೆ.

● ಹಳೆಯ ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಕಿವಿಗೆ ಒತ್ತಿ ರೋಗ ಹೇಳುತ್ತಿದ್ದ. ಈಗ ಸ್ಟೇರಿಂಗ್ ಕೆಳಗಿನ ಗೂಡಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಕಾರೇ ತನ್ನ ರೋಗದ ನಂಬರು ಹೇಳುತ್ತದೆ. ಔಷಧಿಯ ಬಿಲ್ಲು ಮಾತ್ರ ಕಡಿಮೆಯಾಗಿಲ್ಲ.

● ಅಂಬಾಸಿಡರ್ ಕಾಲದ ಪೆಟ್ರೋಲಿನಲ್ಲಿ ಸೀಸ ಇತ್ತು. ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಮಾತ್ರ ಎಂದಾದದ್ದು 2000ದ ಫೆಬ್ರವರಿಯಿಂದ. ಹಳೆಯ ಕಾರುಗಳ ಬಗ್ಗೆ ನಾವು ಹಾಡುವ ಹಾಡಿನಲ್ಲಿ ಈ ಸಾಲು ಇರುವುದಿಲ್ಲ.

● 2001ರಲ್ಲಿ ಬೆಂಗಳೂರಿನ ಬೊಮ್ಮಸಂದ್ರದಿಂದ ಹೊರಟ ಪುಟ್ಟ ವಿದ್ಯುತ್ ಕಾರು ರೇವಾ ಲಂಡನ್ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಲ್ಲಿ ಓಡಾಡಿತು. ಲೆಡ್ ಆಸಿಡ್ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. ಆಗ ಅದನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಇಂದು ಹಸಿರು ನಂಬರ್ ಪ್ಲೇಟಿನ ಕಾರುಗಳ ನಡುವೆ ಸಿಕ್ಕಿಕೊಂಡಾಗಲೆಲ್ಲ ಆ ನಗು ನೆನಪಾಗುತ್ತದೆ.

● 2013ರಲ್ಲಿ ಬಿಬಿಸಿಯ 'ಟಾಪ್ ಗೇರ್' ಕಾರ್ಯಕ್ರಮ ನಾನಾ ದೇಶಗಳ ಟ್ಯಾಕ್ಸಿಗಳನ್ನು ಪಂದ್ಯಕ್ಕಿಳಿಸಿದಾಗ ಗೆದ್ದದ್ದು ಅಂಬಾಸಿಡರ್. ಮರುವರ್ಷವೇ ಕಾರ್ಖಾನೆ ಮುಚ್ಚಿತು. 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪೆಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಬರೀ ಹೆಸರಿಗೆ!

● ಕೊನೆಯದಾಗಿ, ಹಿತ್ತಲ ಶೆಡ್ಡಿನಲ್ಲಿ ಹಳೆಯ ಕಾರಿಟ್ಟುಕೊಂಡವರಿಗೆ ಒಂದು ಮಾತು. ಗುಜರಿಗೆ ಹಾಕುವ ಮುಂಚೆ ಆರ್‌ಸಿ ಪುಸ್ತಕದಲ್ಲಿ ಮೊದಲ ನೋಂದಣಿಯ ದಿನಾಂಕ ನೋಡಿ. 2021ರ ನಿಯಮದ ಪ್ರಕಾರ, ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ವಾಹನ 'ವಿಂಟೇಜ್' ಎನಿಸಿಕೊಳ್ಳುತ್ತದೆ. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಹತ್ತು ವರ್ಷ ಬಾಳಿಕೆ, ನಂಬರಿನ ನಡುವೆ 'ವಿಎ' ಎಂಬ ಎರಡಕ್ಷರ. ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಬಂಕು, ರಿಪೇರಿ, ಅಷ್ಟಕ್ಕೆ ಮಾತ್ರ ರಸ್ತೆಗಿಳಿಯಬಹುದು. ಮೊದಲ ತಲೆಮಾರಿನ ಅಂಬಾಸಿಡರ್‌ಗಳು ಈಗಾಗಲೇ ಆ ಗೆರೆ ದಾಟಿವೆ. ಗುಬ್ಬಚ್ಚಿಯ ಸರದಿ 2033ರ ಡಿಸೆಂಬರಿಗೆ.